ಕಫದ ಡಬ್ಬಿ ಮೊದಲು, ಗುಳಿಗೆ ಆಮೇಲೆ

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನಮ್ಮದು ಬ್ಯಾಡಗಿ. ನಮ್ಮ ತಂದೆಯವರಿಗೆ 61 ವರ್ಷ, ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಮೂವತ್ತು ವರ್ಷದಿಂದ ಹಮಾಲಿ. ಬೀಡಿ ಬಿಟ್ಟು ನಾಲ್ಕು ವರ್ಷ ಆಯ್ತು. ದೀಪಾವಳಿ ಆದಮೇಲೆ ಇದು ಮೂರನೇ ಸಲ ಕೆಮ್ಮು, ಹಳದಿ ಕಫ, ಸಂಜೆ ಸಣ್ಣ ಜ್ವರ. ಪ್ರತಿ ಸಲ ಇಲ್ಲೇ ಒಂದು ಇಂಜೆಕ್ಷನ್, ಮೂರು ದಿನದ ಅಜಿಥ್ರೋಮೈಸಿನ್ ಗುಳಿಗೆ ಕೊಡ್ತಾರೆ. ಕಡಿಮೆ ಆಗುತ್ತೆ, ಮತ್ತೆ ಬರುತ್ತೆ. ಈ ಸಲ ಹುಬ್ಬಳ್ಳಿಗೆ ಕರ್ಕೊಂಡು ಹೋದೆ. ಕಫ ಟೆಸ್ಟ್ ಮಾಡಿಸಿದರು. ಮೂರು ದಿನ ಕಾಯಿಸಿ 'ನಾರ್ಮಲ್ ಫ್ಲೋರಾ' ಅಂತ ರಿಪೋರ್ಟ್ ಕೊಟ್ಟರು, ಈಗ ಮತ್ತೊಮ್ಮೆ ಕಫ ತರಲು ಹೇಳಿದ್ದಾರೆ. ಮನೆಯಲ್ಲಿ ಎಲ್ಲರೂ, ಸುಮ್ನೆ ದುಡ್ಡು ದಂಡ, ಅಂಗಡಿಯಲ್ಲಿ ಹೈ ಪವರ್ ಗುಳಿಗೆ ಕೇಳಿ ತಗೊಂಡು ಬಾ ಅಂತಿದ್ದಾರೆ. ನೀವು ಕಫದ ಬ್ಯಾಕ್ಟೀರಿಯಾ ಮೇಲೇ ಸಂಶೋಧನೆ ಮಾಡುವವರು. ಅಷ್ಟು ದಿನ ಅದರಲ್ಲಿ ಏನು ನೋಡ್ತೀರಿ? ಮತ್ತೆ ಕೊಡಲೇಬೇಕಾ?

ಉತ್ತರ: ಕೊಡಲೇಬೇಕು. ಆದರೆ ಹೋದ ಸಲ ಕೊಟ್ಟ ಹಾಗೆ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು 'ನಾರ್ಮಲ್ ಫ್ಲೋರಾ' ಅನ್ನುವ ಕಡೆ. ಇದನ್ನು ಓದಿ ಎಷ್ಟೋ ಮನೆಯವರು 'ಎಲ್ಲ ನಾರ್ಮಲ್ ಐತಿ' ಅಂದುಕೊಂಡು ಸುಮ್ಮನಾಗುತ್ತಾರೆ. ಅದರ ಅರ್ಥ ಅದಲ್ಲ. ನಿಮ್ಮ ಬಾಯಿ, ನನ್ನ ಬಾಯಿ, ಎಲ್ಲರ ಬಾಯಿಯಲ್ಲೂ ಯಾವಾಗಲೂ ಬ್ಯಾಕ್ಟೀರಿಯಾ ಇರುತ್ತವೆ, ಅವು ಅಲ್ಲಿ ಇರಬೇಕಾದವೇ. ಲ್ಯಾಬಿಗೆ ಬಂದ ಡಬ್ಬಿಯಲ್ಲಿ ಅವು ಮಾತ್ರ ಬೆಳೆದವು, ಬೇರೆ ಏನೂ ಸಿಗಲಿಲ್ಲ ಅಂತ ಆ ರಿಪೋರ್ಟ್ ಹೇಳುತ್ತಿದೆ. ಎದೆಯೊಳಗೆ ಏನಿದೆ ಅನ್ನುವುದನ್ನು ಅದು ಹೇಳಿಯೇ ಇಲ್ಲ. ಬಹಳ ಸಲ ಇದಕ್ಕೆ ಕಾರಣ ಒಂದೇ. ಡಬ್ಬಿಯಲ್ಲಿ ಬಂದದ್ದು ಕಫ ಅಲ್ಲ, ಉಗುಳು.

ಇದು ನಮಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಲಿಕ್ಕೆ, ಹಾಕುವ ಮೊದಲು ಒಂದು ಚೂರನ್ನು ಗಾಜಿನ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತೇವೆ. ಬಾಯಿಯ ಒಳಚರ್ಮದ ಕಣಗಳು ದೊಡ್ಡವು, ಚಪ್ಪಟೆ, ಮುರಿದ ಹಪ್ಪಳದ ಚೂರಿನ ಹಾಗೆ ಕಾಣುತ್ತವೆ. ಕೀವಿನ ಕಣಗಳು ಸಣ್ಣವು, ಗುಂಪುಗುಂಪಾಗಿ ಇರುತ್ತವೆ. ಒಂದು ನೋಟದ ವೃತ್ತದಲ್ಲಿ ಹಪ್ಪಳದ ಚೂರು ಹತ್ತಕ್ಕಿಂತ ಕಡಿಮೆ, ಕೀವಿನ ಕಣ ಇಪ್ಪತ್ತೈದಕ್ಕಿಂತ ಜಾಸ್ತಿ ಇದ್ದರೆ ಇದು ಎದೆಯಿಂದಲೇ ಬಂದ ಕಫ ಅಂತ ನಂಬುತ್ತೇವೆ. ಉಲ್ಟಾ ಇದ್ದರೆ ಅದು ಉಗುಳು. ಅದರಲ್ಲಿ ಎಷ್ಟು ಹುಡುಕಿದರೂ ಶ್ವಾಸಕೋಶದ ಸುದ್ದಿ ಸಿಗುವುದಿಲ್ಲ. ಇಂಥ ಡಬ್ಬಿಯನ್ನು 'ಮತ್ತೊಮ್ಮೆ ಕಳಿಸಿ' ಅಂತ ವಾಪಸ್ ಹೇಳುವುದು ಕಫ ಕೊಟ್ಟವರಿಗೆ ಬೇಜಾರು. ಆದರೆ ಸುಳ್ಳು ಉತ್ತರ ಕೊಡುವುದಕ್ಕಿಂತ ಅದೇ ಮೇಲು.

ಎರಡನೇ ಕಾರಣವೂ ನಿಮ್ಮ ಪತ್ರದಲ್ಲೇ ಇದೆ. ತಂದೆಯವರು ಹುಬ್ಬಳ್ಳಿಗೆ ಬರುವ ಮೊದಲೇ ಅಜಿಥ್ರೋಮೈಸಿನ್ ತಗೊಂಡಿದ್ದರು ಅಲ್ವಾ? ಆ ಔಷಧದ ಒಂದು ಗುಣ ಏನೆಂದರೆ ಅದು ಮೈಯಿಂದ ಬೇಗ ಹೋಗುವುದಿಲ್ಲ. ಅರ್ಧ ಕಡಿಮೆಯಾಗಲಿಕ್ಕೇ ಸುಮಾರು 68 ತಾಸು ಬೇಕು. ಮೂರು ದಿನ ನುಂಗಿ ನಿಲ್ಲಿಸಿದರೂ ಅದರ ಅಂಶ ಎಷ್ಟೋ ದಿನ ಒಳಗೆ ಉಳಿದಿರುತ್ತದೆ. ರೋಗ ಪೂರ್ತಿ ವಾಸಿಯಾಗಲಿಕ್ಕೆ ಅದು ಸಾಕಾಗದೇ ಇರಬಹುದು, ಆದರೆ ನಮ್ಮ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಮಾಡಲಿಕ್ಕೆ ಸಾಕು. ಬೇರೆ ಆ್ಯಂಟಿಬಯಾಟಿಕ್ ಕಥೆಯೂ ಇದೇ. ಮೊದಲು ಗುಳಿಗೆ, ಆಮೇಲೆ ಕಫ ಅಂದರೆ ಪೊಲೀಸರು ಬರುವ ಮೊದಲೇ ಮನೆ ಗುಡಿಸಿ ಸಾರಿಸಿದ ಹಾಗೆ.

ಮೂರನೆಯದು ದಾರಿ. ಬ್ಯಾಡಗಿಯಲ್ಲಿ ಬೆಳಿಗ್ಗೆ ಕಫ ಹಿಡಿದು, ಬಸ್ ಹತ್ತಿ, ಹುಬ್ಬಳ್ಳಿಗೆ ಬಂದು, ಚೀಟಿ ಮಾಡಿಸಿ, ಲ್ಯಾಬಿನ ಕಿಟಕಿಗೆ ಕೊಡುವಷ್ಟರಲ್ಲಿ ನಾಲ್ಕು ತಾಸು ಆಗಿರುತ್ತದೆ. ನಮಗೆ ಎರಡು ತಾಸಿನೊಳಗೆ ಬೇಕು. ನ್ಯುಮೋನಿಯಾಕ್ಕೆ ದೊಡ್ಡ ಕಾರಣವಾದ ನ್ಯುಮೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇದೆ. ಮನುಷ್ಯನ ಎದೆಯಲ್ಲಿ ಎಷ್ಟು ಜೋರೋ ಹೊರಗೆ ಬಂದರೆ ಅಷ್ಟೇ ಸೂಕ್ಷ್ಮ. ಸ್ವಲ್ಪ ತಡವಾದರೆ ತನ್ನ ಮೈಯನ್ನು ತಾನೇ ಕರಗಿಸಿಕೊಂಡು ಸಾಯುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಹಾಗಲ್ಲ, ಬಿಸಿಲಲ್ಲಿ ಡಬ್ಬಿಯೊಳಗೇ ಬೆಳೆದು ಹೆಚ್ಚಾಗುತ್ತವೆ. ಕೊನೆಗೆ ಸಿಗುವುದು ಅವೇ.

ಈಗ ಆ ಮೂರು ದಿನ ಏನು ಮಾಡುತ್ತೇವೆ ಅಂತ ಕೇಳಿದ್ದೀರಿ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ದಿನ ಕಫವನ್ನು ತಟ್ಟೆಗಳ ಮೇಲೆ ಎಳೆಯುತ್ತೇವೆ. ತಟ್ಟೆ ಅಂದರೆ ಅಂಗೈ ಅಗಲದ ಮುಚ್ಚಳದ ತಟ್ಟೆ, ಅದರಲ್ಲಿ ಕುರಿಯ ರಕ್ತ ಬೆರೆಸಿ ಗಟ್ಟಿಯಾಗಿಸಿದ ಕೆಂಪು ಅಗಾರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ. ಇನ್ನೊಂದು ತಟ್ಟೆಗೆ ಚಾಕಲೇಟ್ ಅಗಾರ್ ಅನ್ನುತ್ತೇವೆ. ಅದರಲ್ಲಿ ಚಾಕಲೇಟ್ ಇಲ್ಲ, ರಕ್ತವನ್ನು ಬಿಸಿ ಮಾಡಿ ಕಂದು ಬಣ್ಣಕ್ಕೆ ತಿರುಗಿಸಿರುತ್ತೇವೆ ಅಷ್ಟೇ. ಹಿಮೋಫಿಲಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ರಕ್ತದ ಕಣದೊಳಗೆ ಇರುತ್ತದೆ, ಬಿಸಿ ಮಾಡಿದರೆ ಹೊರಗೆ ಬರುತ್ತದೆ. ಆಮೇಲೆ ಈ ತಟ್ಟೆಗಳನ್ನು ಒಂದು ದೊಡ್ಡ ಗಾಜಿನ ಜಾರಿನಲ್ಲಿ ಇಟ್ಟು, ಪಕ್ಕದಲ್ಲಿ ಒಂದು ಸಣ್ಣ ಮೇಣದಬತ್ತಿ ಹಚ್ಚಿ, ಮುಚ್ಚಳ ಬಿಗಿ ಮಾಡುತ್ತೇವೆ. ಬತ್ತಿ ಸ್ವಲ್ಪ ಹೊತ್ತು ಉರಿಯುತ್ತದೆ, ಸಣ್ಣಗಾಗುತ್ತದೆ, ತಾನೇ ಆರುತ್ತದೆ. ಅಷ್ಟರಲ್ಲಿ ಜಾರಿನೊಳಗೆ ಇಂಗಾಲದ ಡೈ ಆಕ್ಸೈಡ್ ಸುಮಾರು 3 ಶೇಕಡಾ ಆಗಿರುತ್ತದೆ. ಎದೆಯ ಬ್ಯಾಕ್ಟೀರಿಯಾಗಳಿಗೆ ಇಂಥ ಗಾಳಿ ಹಿತ. ಇದಕ್ಕೆ ಈಗ ದುಬಾರಿ ಯಂತ್ರಗಳಿವೆ, ಆದರೆ ಕರೆಂಟ್ ಹೋದ ದಿನ ಮೇಣದಬತ್ತಿ ಜಾರ್ ನಮ್ಮ ಕೈಬಿಟ್ಟಿಲ್ಲ.

ಎರಡನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ಸಜ್ಜಿ ರೊಟ್ಟಿ ಮೇಲೆ ಎಳ್ಳು ಅಂಟಿದ ಹಾಗೆ ಸಣ್ಣ ಸಣ್ಣ ಚುಕ್ಕಿ ಎದ್ದಿರುತ್ತವೆ. ಒಂದೊಂದು ಚುಕ್ಕಿ ಅಂದರೆ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ. ನ್ಯುಮೊಕಾಕಸ್ ಆದರೆ ಚುಕ್ಕಿಯ ಸುತ್ತ ರಕ್ತ ಹಸಿರಾಗಿರುತ್ತದೆ, ಚುಕ್ಕಿಯ ನಡುವೆ ಒಂದು ಗುಳಿ ಬಿದ್ದಿರುತ್ತದೆ. ಕ್ಲೆಬ್ಸಿಯೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಆದರೆ ದಪ್ಪ, ಲೋಳೆ ಲೋಳೆ. ಅದರಲ್ಲಿ ಕೆಲವು ಜಾತಿ ಬಹಳ ಕೆಟ್ಟವು. ತಂತಿಯ ತುದಿಯಿಂದ ಮುಟ್ಟಿ ಮೇಲಕ್ಕೆತ್ತಿದರೆ ಬೆಲ್ಲದ ಎಳೆಪಾಕದ ಹಾಗೆ ದಾರ ಎಳೆದುಕೊಂಡು ಬರುತ್ತದೆ. ಅರ್ಧ ಸೆಂಟಿಮೀಟರ್‌ಗಿಂತ ಉದ್ದ ದಾರ ಬಂತು ಅಂದರೆ ನಾವು ವಾರ್ಡಿಗೆ ಫೋನ್ ಮಾಡುತ್ತೇವೆ. ಸ್ಯೂಡೋಮೊನಾಸ್ ಆದರೆ ತಟ್ಟೆಯೇ ಹಸಿರು ತಿರುಗಿ, ಮುಚ್ಚಳ ತೆಗೆದ ಕೂಡಲೇ ಹಣ್ಣಾದ ದ್ರಾಕ್ಷಿಯ ವಾಸನೆ ಬರುತ್ತದೆ. ಅಷ್ಟು ಸಿಹಿ ವಾಸನೆಯ ಈ ಬ್ಯಾಕ್ಟೀರಿಯಾ ಹಳೆಯ ದಮ್ಮಿನ ರೋಗಿಗಳ ಎದೆಯಲ್ಲಿ ಸೇರಿಕೊಂಡರೆ ತೆಗೆಯುವುದು ಎಷ್ಟು ಕಷ್ಟ ಅಂತ ಗೊತ್ತಿರುವ ನಮಗೆ ಆ ವಾಸನೆ ಬಂದರೆ ಹೊಟ್ಟೆಯಲ್ಲಿ ಕಸಿವಿಸಿ.

ಆದರೆ ತಟ್ಟೆಯಲ್ಲಿ ನಾಲ್ಕೈದು ಜಾತಿ ಕಲೆತಿರುತ್ತವೆ. ಅನುಮಾನ ಇರುವ ಚುಕ್ಕಿಯನ್ನು ಬೇರೆ ಮಾಡಿ, ಅದೊಂದನ್ನೇ ಹೊಸ ತಟ್ಟೆ ತುಂಬ ಹರಡಿ, ಮೇಲೆ ಔಷಧ ಹೀರಿದ ಕಾಗದದ ಬಿಲ್ಲೆ ಇಡುತ್ತೇವೆ. ಒಂದೊಂದು ಬಿಲ್ಲೆ 6 ಮಿಲಿಮೀಟರ್ ಅಗಲ, ಒಂದೊಂದರಲ್ಲಿ ಒಂದು ಔಷಧ. ಮೂರನೇ ದಿನ ಅಳತೆಪಟ್ಟಿ ಹಿಡಿದು ನೋಡುತ್ತೇವೆ. ಔಷಧ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಸ್ವಚ್ಛ ವೃತ್ತ ಇರುತ್ತದೆ. ಕೆಲಸ ಮಾಡದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿಗೇ ಬಂದು ನಿಂತಿರುತ್ತದೆ. ಈ ವೃತ್ತದ ಅಳತೆಯೇ ನಿಮ್ಮ ರಿಪೋರ್ಟಿನ 'ಸೆನ್ಸಿಟಿವ್', 'ರೆಸಿಸ್ಟೆಂಟ್'. ಬ್ಯಾಕ್ಟೀರಿಯಾ ಬೆಳೆಯಲಿಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೇಕೇ ಬೇಕು. ನಾವು ಅವಸರ ಮಾಡಿದರೆ ಅದು ಕೇಳುವುದಿಲ್ಲ.

ಇಷ್ಟಾದ ಮೇಲೆ ಸಂಶೋಧನೆಯ ಕೆಲಸ. ಸಿಕ್ಕ ಬ್ಯಾಕ್ಟೀರಿಯಾವನ್ನು ಗ್ಲಿಸರಿನ್‌ನಲ್ಲಿ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ಹೋದ ಮಳೆಗಾಲದಲ್ಲಿ ಗದಗದಿಂದ ಬಂದದ್ದು, ಈ ಚಳಿಗಾಲದಲ್ಲಿ ಹಾವೇರಿಯಿಂದ ಬಂದದ್ದು, ಎರಡನ್ನೂ ಎಬ್ಬಿಸಿ ಅಕ್ಕಪಕ್ಕ ಇಟ್ಟು ಯಾವ ಔಷಧದ ವೃತ್ತ ಸಣ್ಣದಾಗುತ್ತಿದೆ ಅಂತ ನೋಡುತ್ತೇವೆ. ಡಾಕ್ಟರುಗಳು ಕಲ್ಚರ್ ಬರುವ ಮೊದಲು ಅಂದಾಜಿನ ಮೇಲೆ ಔಷಧ ಶುರು ಮಾಡಬೇಕಾಗುತ್ತದೆ. ಆ ಅಂದಾಜು ಸರಿ ಇರಬೇಕಾದರೆ ಈ ಭಾಗದ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತವೆ ಅಂತ ಯಾರಾದರೂ ಲೆಕ್ಕ ಇಟ್ಟಿರಬೇಕು. ಹೊರದೇಶದ ಪುಸ್ತಕದ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ. ನಿಮ್ಮ ತಂದೆಯವರ ಡಬ್ಬಿ ಅವರಿಗೆ ಎಷ್ಟು ಬೇಕೋ, ಮುಂದೆ ಬರುವ ಇನ್ನೊಬ್ಬ ಹಮಾಲರಿಗೂ ಅಷ್ಟೇ ಬೇಕು.

ಈಗ ಹೈ ಪವರ್ ಗುಳಿಗೆ. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಆ್ಯಂಟಿಬಯಾಟಿಕ್‌ಗೆ ಬಲ್ಬಿನ ಹಾಗೆ ನಲವತ್ತು, ಅರವತ್ತು, ನೂರು ಅಂತ ಪವರ್ ಇಲ್ಲ. ಯಾವ ಬ್ಯಾಕ್ಟೀರಿಯಾಕ್ಕೆ ಯಾವುದು ನಡೆಯುತ್ತದೆ ಅನ್ನುವುದಷ್ಟೇ ಇರುವುದು. ನ್ಯುಮೊಕಾಕಸ್‌ಗೆ ಸಾದಾ ಅಮಾಕ್ಸಿಸಿಲಿನ್ ಇವತ್ತಿಗೂ ಒಳ್ಳೆಯ ಔಷಧ. ಅದೇ ಅಮಾಕ್ಸಿಸಿಲಿನ್‌ನ ರಾಶಿ ಹಾಕಿದರೂ ಸ್ಯೂಡೋಮೊನಾಸ್‌ಗೆ ಏನೂ ಆಗುವುದಿಲ್ಲ. ವೈರಸ್‌ನಿಂದ ಬಂದ ಕೆಮ್ಮಿಗೆ ಯಾವ ಆ್ಯಂಟಿಬಯಾಟಿಕ್ಕೂ ನಡೆಯುವುದಿಲ್ಲ. ಮತ್ತೆ, ಕಫ ಹಳದಿ ಅಥವಾ ಹಸಿರು ಅಂದ ಕೂಡಲೇ ಬ್ಯಾಕ್ಟೀರಿಯಾ ಅಂತ ತೀರ್ಮಾನ ಮಾಡಬೇಡಿ. ಆ ಹಸಿರು ಬಣ್ಣ ನಮ್ಮದೇ ಬಿಳಿ ರಕ್ತಕಣಗಳದ್ದು. ಅವುಗಳೊಳಗಿನ ಒಂದು ಕಿಣ್ವದ ಬಣ್ಣವೇ ಹಸಿರು. ವೈರಸ್ ನೆಗಡಿಯಲ್ಲೂ ಅವು ಬಂದು ಕಾದಾಡುತ್ತವೆ, ಕಫ ಹಸಿರಾಗುತ್ತದೆ.

ಹೈ ಪವರ್ ಅಂತ ಅಂಗಡಿಯಲ್ಲಿ ಕೈಗೆ ಬರುವುದು ಬಹಳ ಸಲ ಲಿವೋಫ್ಲಾಕ್ಸಾಸಿನ್. ಇದರ ಬಗ್ಗೆ ನಮ್ಮ ಮನೆಯದೇ ಒಂದು ಮಾತು ಹೇಳಬೇಕು. ಗದಗದಲ್ಲಿ ನಮ್ಮ ದೊಡ್ಡಪ್ಪ ಇದ್ದರು. ಕೆಮ್ಮು ಅಂತ ಅಂಗಡಿಯಲ್ಲಿ ಕೇಳಿ ಈ ಗುಳಿಗೆ ತಗೊಂಡರು. ಒಂದು ವಾರದಲ್ಲಿ ಜ್ವರ ಇಳಿಯಿತು, ಊಟ ಸೇರಿತು. 'ನೋಡು, ನಿನ್ನ ಲ್ಯಾಬು ಬೇಕಾಗಲಿಲ್ಲ' ಅಂತ ನನಗೇ ಫೋನ್ ಮಾಡಿ ಹೇಳಿದರು. ಮುಂದಿನ ತಿಂಗಳು ಮತ್ತೆ ಕೆಮ್ಮು, ಮತ್ತೆ ಅದೇ ಗುಳಿಗೆ. ಹೀಗೇ ನಾಲ್ಕು ತಿಂಗಳು. ಕೊನೆಗೆ ಎಕ್ಸ್‌ರೇ ತೆಗೆದಾಗ ಮೇಲಿನ ಭಾಗದಲ್ಲಿ ಗುಂಡಗೆ ತೂತು ಬಿದ್ದಿತ್ತು. ಟಿಬಿ. ಲಿವೋಫ್ಲಾಕ್ಸಾಸಿನ್ ಟಿಬಿಯ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ, ಅದೇ ಅಪಾಯ. ರೋಗವನ್ನು ಕೊಲ್ಲುವುದಿಲ್ಲ, ಮುಚ್ಚಿಡುತ್ತದೆ. ಪರೀಕ್ಷೆಯಲ್ಲಿ ಸಿಗದ ಹಾಗೆ ಮಾಡುತ್ತದೆ. ಅಷ್ಟರಲ್ಲಿ ಟಿಬಿ ಬ್ಯಾಕ್ಟೀರಿಯಾ ಆ ಔಷಧಕ್ಕೂ ಪಳಗಬಹುದು. ಔಷಧ-ನಿರೋಧಕ ಟಿಬಿ ಆದವರಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಇದೂ ಒಂದು, ಅದನ್ನೇ ಕೆಮ್ಮಿಗೆ ಕಡಲೆಕಾಯಿ ಹಾಗೆ ತಿಂದರೆ ಆಮೇಲೆ ಏನು ಉಳಿಯುತ್ತದೆ? 2014ರ ಮಾರ್ಚ್‌ನಿಂದ ಇದು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಮಾರಿದರೆ ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ದೊಡ್ಡಪ್ಪನಿಗೆ ಕೊಟ್ಟವರು ಏನೂ ಬರೆದಿರಲಿಲ್ಲ.

ಅದಕ್ಕೇ ನಿಮ್ಮ ತಂದೆಯವರ ವಿಷಯದಲ್ಲಿ ನನ್ನ ಮೊದಲ ಮಾತು, ಮುಂದಿನ ಕಫದಲ್ಲಿ ಟಿಬಿ ಪರೀಕ್ಷೆಯೂ ಆಗಲೇಬೇಕು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ. ಇಷ್ಟಿದ್ದರೆ ಯಾರಿಗೇ ಆಗಲಿ ಮಾಡಿಸಬೇಕು. ಹೆದರಬೇಡಿ, ಟಿಬಿ ಇದೆ ಅಂತ ನಾನು ಹೇಳುತ್ತಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಇದು ಪುಕ್ಕಟೆ. ಟಿಬಿ ಬ್ಯಾಕ್ಟೀರಿಯಾ ಬಹಳ ನಿಧಾನ, ನ್ಯುಮೊಕಾಕಸ್ ಅರ್ಧ ತಾಸಿನೊಳಗೆ ಒಂದಿದ್ದದ್ದು ಎರಡಾದರೆ ಇದಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿ ಇದರ ಕಲ್ಚರ್ ವಾರಗಟ್ಟಲೆ ಹಿಡಿಯುತ್ತದೆ. ಆದರೆ ಈಗ ಟ್ರೂನ್ಯಾಟ್, ಸಿಬಿನ್ಯಾಟ್ ಅನ್ನುವ ಯಂತ್ರಗಳು ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕಿ ಒಂದೆರಡು ತಾಸಿನಲ್ಲೇ ಉತ್ತರ ಕೊಡುತ್ತವೆ. ಅದರಲ್ಲಿ ಟ್ರೂನ್ಯಾಟ್ ನಮ್ಮ ಪಕ್ಕದ ಗೋವಾದ ಕಂಪನಿಯದು.

ರೋಗಾಣು ಯಾವುದು ಅಂತ ಮೊದಲು ತಿಳಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರದ ಉದಾಹರಣೆ ಬೇಡ, ಹುಬ್ಬಳ್ಳಿಯದೇ ಇದೆ. ಪ್ಲೇಗ್ ಶತಮಾನಗಟ್ಟಲೆ ಜನರನ್ನು ಕೊಂದಿತ್ತು, ಕಾರಣ ಗೊತ್ತಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಅನ್ನುವ ವಿಜ್ಞಾನಿ ಅದರ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ. 1896ರಲ್ಲಿ ರೋಗ ಮುಂಬಯಿಗೆ ಬಂತು. 1897ರ ಜನವರಿಯಲ್ಲಿ ಹಾಫ್ಕಿನ್ ಅನ್ನುವ ಇನ್ನೊಬ್ಬ ವಿಜ್ಞಾನಿ ಅಲ್ಲೇ ಆ ಬ್ಯಾಕ್ಟೀರಿಯಾವನ್ನು ಬೆಳೆಸಿ, ಬಿಸಿ ಮಾಡಿ ಕೊಂದು, ಲಸಿಕೆ ಮಾಡಿ ಮೊದಲು ತನಗೇ ಚುಚ್ಚಿಕೊಂಡ. 1898ರಲ್ಲಿ ಹುಬ್ಬಳ್ಳಿ, ಧಾರವಾಡಕ್ಕೆ ಪ್ಲೇಗ್ ಬಂದಾಗ ಇಲ್ಲಿನ ಸಾವಿರ ಸಾವಿರ ಜನ ಆ ಲಸಿಕೆ ಹಾಕಿಸಿಕೊಂಡರು. ಆ ಕಾಲಕ್ಕೆ ಒಂದೇ ಊರಿನಲ್ಲಿ ಅಷ್ಟು ಜನರಿಗೆ ಲಸಿಕೆ ಹಾಕಿದ್ದು ದೊಡ್ಡ ಸಂಗತಿ. ರೋಗಾಣು ಸಿಕ್ಕಿ ನಾಲ್ಕೇ ವರ್ಷಕ್ಕೆ! ಹುಬ್ಬಳ್ಳಿಯ ಆ ಹಳೇ ಓಣಿಗಳಲ್ಲಿ ಓಡಾಡುವಾಗ ನನಗೆ ಇದು ನೆನಪಾಗದ ದಿನ ಇಲ್ಲ.

ತಪ್ಪು ರೋಗಾಣು ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೂ ಕಥೆ ಇದೆ. ಮೇಲೆ ಹೇಳಿದ ಹಿಮೋಫಿಲಸ್‌ನ ಪೂರ್ತಿ ಹೆಸರು ಹಿಮೋಫಿಲಸ್ ಇನ್‌ಫ್ಲುಯೆಂಜೆ. 1892ರಲ್ಲಿ ಫೈಫರ್ ಅನ್ನುವ ವಿಜ್ಞಾನಿ ಫ್ಲೂ ಜ್ವರಕ್ಕೆ ಇದೇ ಕಾರಣ ಅಂದ. 1918ರ ಮಹಾಮಾರಿಯಲ್ಲೂ ಎಷ್ಟೋ ಜನ ಇದರ ಹಿಂದೆಯೇ ಬಿದ್ದರು. ಮನುಷ್ಯರ ಫ್ಲೂ ವೈರಸ್ ಕೈಗೆ ಸಿಕ್ಕಿದ್ದು 1933ರಲ್ಲಿ. ಆದರೆ ಬ್ಯಾಕ್ಟೀರಿಯಾ ಪೂರ್ತಿ ನಿರಪರಾಧಿ ಆಗಿರಲಿಲ್ಲ. 1918ರಲ್ಲಿ ತೀರಿಕೊಂಡವರ ಶ್ವಾಸಕೋಶದ ತುಂಡುಗಳನ್ನು ಜೋಪಾನ ಮಾಡಿಟ್ಟಿದ್ದರು. 2008ರಲ್ಲಿ ಅವನ್ನು ಮತ್ತೆ ಪರೀಕ್ಷೆ ಮಾಡಿದಾಗ ಹೆಚ್ಚಿನವರನ್ನು ಕೊಂದದ್ದು ಫ್ಲೂ ಹಿಂದೆಯೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಅಂತ ಕಂಡಿತು. ವೈರಸ್ ಮೊದಲು ಬಂದು ಶ್ವಾಸನಾಳದ ಒಳಪದರವನ್ನು ಕಿತ್ತುಹಾಕುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಆರಾಮಾಗಿ ಇಳಿಯುತ್ತದೆ. ವಯಸ್ಸಾದವರಿಗೆ ನೆಗಡಿ ಬಂದು, ಕಡಿಮೆ ಆದ ಹಾಗೆ ಆಗಿ, ಐದಾರು ದಿನಕ್ಕೆ ಮತ್ತೆ ಜ್ವರ ಏರಿದರೆ ನಾವು ಗಾಬರಿಯಾಗುವುದು ಇದಕ್ಕೇ. ಫ್ಲೂ ಲಸಿಕೆ, ನ್ಯುಮೊಕಾಕಸ್ ಲಸಿಕೆ ಎರಡರ ಬಗ್ಗೆಯೂ ತಂದೆಯವರ ಡಾಕ್ಟರನ್ನು ಕೇಳಿ. ಮಕ್ಕಳಿಗೆ ನ್ಯುಮೊಕಾಕಸ್ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರಕಾರದಿಂದಲೇ ಪುಕ್ಕಟೆ ಸಿಗುತ್ತಿದೆ, ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ತಪ್ಪಿಸಬೇಡಿ. ಮಗುವಿನ ಮೂಗಿನಲ್ಲಿ ಕೂತಿರುವ ಈ ಬ್ಯಾಕ್ಟೀರಿಯಾವೇ ಎಷ್ಟೋ ಸಲ ಅಜ್ಜನ ಎದೆಗೆ ಹೋಗುವುದು.

ಮಾರ್ಕೆಟ್ ವಿಷಯ ಬಿಟ್ಟರೆ ಉತ್ತರ ಅರ್ಧ ಆಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ನಿಜ. ಆದರೆ ಖಾರ ಕಡಿಮೆ ಅಂದರೂ ಮೂವತ್ತು ವರ್ಷ ಚೀಲ ಹೊತ್ತವರ ಎದೆಗೆ ಅದು ಕಡಿಮೆ ಅಲ್ಲ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನಮ್ಮ ನರದ ತುದಿಯ ಒಂದು ಬಾಗಿಲನ್ನು ನೇರವಾಗಿ ತೆರೆಯುತ್ತದೆ, ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕೆಮ್ಮಿನ ಸಂಶೋಧಕರು ಕೆಮ್ಮು ಬರಿಸಲಿಕ್ಕೆ ಉಪಯೋಗಿಸುವುದೂ ಕ್ಯಾಪ್ಸೈಸಿನ್ನನ್ನೇ. ಅಂದರೆ ಅವರ ಕೆಮ್ಮಿನ ಒಂದು ಪಾಲು ಸೋಂಕೇ ಅಲ್ಲದಿರಬಹುದು. ಧೂಳು, ಹಳೆಯ ಬೀಡಿ ಎರಡೂ ಸೇರಿ ಶ್ವಾಸನಾಳ ಕಿರಿದಾಗಿರಬಹುದು. ಸ್ಪೈರೋಮೆಟ್ರಿ ಅಂತ ಊದುವ ಪರೀಕ್ಷೆ ಇದೆ, ಅದನ್ನು ಮಾಡಿಸಿ. ಮತ್ತೆ, ಪ್ರತಿ ಸಲ ಕೊಡುವ ಇಂಜೆಕ್ಷನ್ ಯಾವುದು ಅಂತ ಕೇಳಿ. ಕೆಲವು ಸಲ ಅದು ಸ್ಟಿರಾಯ್ಡ್ ಆಗಿರುತ್ತದೆ. ಕಿರಿದಾದ ನಾಳಕ್ಕೆ ಸ್ಟಿರಾಯ್ಡ್‌ನಿಂದ ಆರಾಮ ಸಿಕ್ಕಿ, ಹೆಸರು ಅಜಿಥ್ರೋಮೈಸಿನ್‌ಗೆ ಬಂದಿರಬಹುದು. ಹಾಗಿದ್ದರೆ ಅವರಿಗೆ ಬೇಕಾದ್ದು ಇನ್ಹೇಲರ್. 'ಪಂಪು ಹಚ್ಚಿದರೆ ಬಿಡೋದಿಲ್ಲ' ಅಂತ ಜನ ಹೆದರಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಜನವರಿಯಿಂದ ಮಾರ್ಚ್‌ವರೆಗೆ ಆವಕ ಜೋರಿರುವಾಗ ಹೆಗಲ ಮೇಲಿನ ಟವೆಲ್ ಮೂಗಿಗೆ ಸುತ್ತಿಕೊಂಡರೆ ಸಾಲದು, ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಹೊತ್ತುಕೊಂಡು ಓಡಾಡುವಾಗ ಅದರಲ್ಲಿ ಉಸಿರಾಟ ಕಷ್ಟ, ನನಗೆ ಗೊತ್ತು. ಚೀಲ ಸುರಿಯುವಾಗ, ಕಸ ಗುಡಿಸುವಾಗ ಆದರೂ ಹಾಕಿಕೊಳ್ಳಲಿ.

ಈಗ ಕಫ ಕೊಡುವ ರೀತಿ. ಹಿಂದಿನ ರಾತ್ರಿ ಹುಬ್ಬಳ್ಳಿಯಲ್ಲಿ ಸಂಬಂಧಿಕರ ಮನೆ ಇದ್ದರೆ ಅಲ್ಲಿ ಉಳಿಯಿರಿ. ಬೆಳಿಗ್ಗೆ ಎದ್ದು ಚಹಾಕ್ಕಿಂತ ಮೊದಲು ಬರೀ ನೀರಿನಲ್ಲಿ ಎರಡು ಮೂರು ಸಲ ಬಾಯಿ ಮುಕ್ಕಳಿಸಲಿ. ಹಲ್ಲುಸೆಟ್ ಇದ್ದರೆ ತೆಗೆದಿಡಲಿ. ಬಯಲಲ್ಲಿ ಅಥವಾ ಕಿಟಕಿ ಹತ್ತಿರ ನಿಂತು, ಹತ್ತಿರ ಯಾರೂ ಇಲ್ಲದಾಗ, ಆಳವಾಗಿ ಎರಡು ಸಲ ಉಸಿರು ಎಳೆದು ಬಿಟ್ಟು, ಮೂರನೇ ಸಲ ಹೊಟ್ಟೆಯಿಂದ ಜೋರಾಗಿ ಕೆಮ್ಮಲಿ. ಗಂಟಲು ಕೆರೆದು ಖ್ಯಾಕರಿಸಿದ್ದು ಬೇಡ. ದಪ್ಪಗೆ, ಅಂಟಂಟಾಗಿ ಬಂದದ್ದನ್ನು ನೇರ ಡಬ್ಬಿಗೆ. ಒಂದು ಚಮಚದಷ್ಟು ಸಾಕು, ನೊರೆ ನೊರೆ ಅರ್ಧ ಡಬ್ಬಿಗಿಂತ ಗಟ್ಟಿಯಾದ ಒಂದು ಚಮಚ ಮೇಲು. ಬರದೇ ಇದ್ದರೆ ಆಸ್ಪತ್ರೆಯಲ್ಲಿ ಉಪ್ಪುನೀರಿನ ನೆಬ್ಯುಲೈಸರ್ ಕೊಟ್ಟು ಬರಿಸುತ್ತಾರೆ, ಕೇಳಿ. ಎರಡು ತಾಸಿನೊಳಗೆ ಲ್ಯಾಬ್.

ಒಂದೇ ಒಂದು ಎಚ್ಚರಿಕೆ. ಮಾತಾಡುವಾಗ ಏದುಸಿರು, ಕಫದಲ್ಲಿ ರಕ್ತ, ಬೆರಳಿಗೆ ಹಾಕುವ ಯಂತ್ರದಲ್ಲಿ ಆಕ್ಸಿಜನ್ 94ಕ್ಕಿಂತ ಕೆಳಗೆ, ತುಟಿ ನೀಲಿ, ಇಲ್ಲ ಅಸಂಬದ್ಧ ಮಾತು. ಇದರಲ್ಲಿ ಯಾವುದಾದರೂ ಕಂಡರೆ ಈ ಉತ್ತರದ ಯಾವ ಲೆಕ್ಕವೂ ಬೇಡ, ರಿಪೋರ್ಟ್ ಕಾಯಬೇಡಿ, ರಾತ್ರಿಯೇ ಆದರೂ ಆಸ್ಪತ್ರೆಗೆ ಹೊರಡಿ. ಅಲ್ಲಿ ಕಫ, ರಕ್ತ ತೆಗೆದುಕೊಂಡು ಅದೇ ತಾಸಿನಲ್ಲಿ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ, ಮಾಡಬೇಕು ಕೂಡ. ಕಾಯಿರಿ ಅಂತ ನಾನು ಹೇಳುತ್ತಿರುವುದು ತಂದೆಯವರು ಈಗಿರುವ ಸ್ಥಿತಿಗೆ ಮಾತ್ರ.

ಹೋದ ಮೂರು ಸಲದ ಖಾಲಿ ಸ್ಟ್ರಿಪ್‌ಗಳು ಮನೆಯಲ್ಲಿ ಎಲ್ಲೋ ಕಿಟಕಿ ಮೇಲೆ, ಕಪಾಟಿನ ಡಬ್ಬಿಯಲ್ಲಿ ಇದ್ದೇ ಇರುತ್ತವೆ. ಹುಡುಕಿ ತನ್ನಿ. ಲ್ಯಾಬಿನ ಚೀಟಿಯಲ್ಲಿ ಯಾವ ಗುಳಿಗೆ, ಕೊನೆಯದನ್ನು ಯಾವತ್ತು ನುಂಗಿದರು ಅಂತ ಬರೆಸಿ, ಪಕ್ಕದಲ್ಲಿ 'ಮೆಣಸಿನಕಾಯಿ ಮಾರ್ಕೆಟ್ ಹಮಾಲಿ' ಅಂತಲೂ ಬರೆಸಿ. ಚೀಟಿಯ ಆ ಜಾಗ ಸಾಮಾನ್ಯವಾಗಿ ಖಾಲಿ ಬರುತ್ತದೆ, ನಾವು ಮೊದಲು ಓದುವುದು ಅದನ್ನೇ.